ಜೀನ್ ಹೊಲಿದ ಕೋಟು, ನಮ್ಮ ಮನೆಯ ಡಬ್ಬಿ

ಕಳೆದ ಶುಕ್ರವಾರ ಬೆಳಿಗ್ಗೆಯಿಂದ ಮಾಡಿದ ಕೆಲಸಗಳು ಇವು: ನೀರುದೋಸೆಗೆ ಅಕ್ಕಿ ರುಬ್ಬಿದ್ದು. ಎಸಿಯ ಫಿಲ್ಟರ್ ತೊಳೆದದ್ದು. ಹಿಂದಿನ ದಿನದ ಧೂಳುಗಾಳಿಗೆ ಕಿಟಕಿಯ ಸಂದಿಯಲ್ಲಿ ಕೂತ ಮರಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆದಕಿ ತೆಗೆದದ್ದು. ಇವರ ಪ್ಲಾಂಟಿನ ಯೂನಿಫಾರ್ಮ್ ನೆನೆಸಿದ್ದು. ಕೋಳಿಗೆ ಮಸಾಲೆ ಹುರಿದದ್ದು (ಮೆಣಸು ಅರ್ಧಕ್ಕರ್ಧ ಕಡಿಮೆ, ಊಟಕ್ಕೆ ಬರುವವರು ಇಂಗ್ಲೆಂಡಿನವರು). ಕೊನೆಗೆ, ಒಂದು ಪುಟ್ಟ ಕಪ್ಪು ಡಬ್ಬಿಗೆ ಹೂವಿನ ಚಿತ್ರದ ಗಿಫ್ಟ್ ಪೇಪರ್ ಸುತ್ತಿ ರಿಬ್ಬನ್ ಕಟ್ಟಿದ್ದು.

ಆ ಕೊನೆಯ ಕೆಲಸವೊಂದನ್ನು ಮಾಡದೇ ಇದ್ದಿದ್ದರೆ ಈ ವಾರ ನಿಮಗೆ ಎಸಿ ಫಿಲ್ಟರಿನ ಬಗ್ಗೆಯೇ ಬರೆಯುತ್ತಿದ್ದೆ.

ನಾವಿರುವುದು ಕತಾರಿನ ಮೆಸಯೀದಿನಲ್ಲಿ, ಕಂಪನಿ ಕ್ವಾರ್ಟರ್ಸಿನಲ್ಲಿ. ನಾಲ್ಕು ಮನೆ ಆಚೆ ಇಂಗ್ಲೆಂಡಿನ ಪಾಲಿನ್. ಅವಳ ಗಂಡನೂ ನಮ್ಮವರೂ ಒಂದೇ ಪ್ಲಾಂಟ್. ಆರು ವರ್ಷದ ಸ್ನೇಹ. ಅವಳ ತಂಗಿ ಜೀನ್ ಎರಡು ವಾರದ ಮಟ್ಟಿಗೆ ಇಂಗ್ಲೆಂಡಿನಿಂದ ಬಂದಿದ್ದಳು. ನಮ್ಮ ಸಾಲಿನ ಯಾರ ಮನೆಗೆ ನೆಂಟರು ಬಂದರೂ ಒಂದು ಊಟ ನಮ್ಮಲ್ಲಿ. ಬರಿಗೈಯಲ್ಲಿ ಕಳಿಸುವ ಕ್ರಮವೂ ನಮ್ಮಲ್ಲಿಲ್ಲ. ಜೀನ್ ಏನು ಮಾಡುತ್ತಾಳೆ ಎಂದು ಹಿಂದೊಮ್ಮೆ ಕೇಳಿದಾಗ ಪಾಲಿನ್ "ಹೊಲಿಗೆ" ಅಂದಿದ್ದಳು. ನಮ್ಮ ಊರಿನ ಲೇಡೀಸ್ ಟೈಲರಿನ ಹಾಗೆ ಸೀರೆಗೆ ಫಾಲ್ ಹಾಕುವಂಥ ಕೆಲಸ ಇರಬೇಕೆಂದು ನಾನು ಅಲ್ಲಿಗೇ ಬಿಟ್ಟಿದ್ದೆ.

ಇನ್ನು ಆ ಡಬ್ಬಿ. ಗಲ್ಫಿನವರಿಗೆ ಹೇಳಬೇಕಿಲ್ಲ, ಊರಿನವರಿಗಾಗಿ ಹೇಳುತ್ತೇನೆ. ಟಿವಿಗೆ ಸಿಕ್ಕಿಸಿದರೆ ಲೋಕದ ಚಾನೆಲ್ಲುಗಳೆಲ್ಲ ಬರುತ್ತವೆ. ಯಾವ ಚಾನೆಲ್ಲಿಗೂ ಚಂದಾ ಕಟ್ಟಬೇಕಿಲ್ಲ. ದೋಹಾದ ಒಂದು ಅಂಗಡಿಯಲ್ಲಿ ಕೌಂಟರಿನ ಕೆಳಗಿನಿಂದ ತೆಗೆದುಕೊಡುತ್ತಾರೆ. ಕಾನೂನು? ಕೌಂಟರಿನ ಕೆಳಗೆ ಯಾಕಿಟ್ಟಿದ್ದಾರೆ ಎಂದು ನಾವು ಯಾರೂ ಕೇಳುವುದಿಲ್ಲ. ಇವರು ಎರಡು ತಂದಿದ್ದರು, ಒಂದು ಹಾಳಾದರೆ ಇರಲಿ ಎಂದು.

ಊಟ ಚೆನ್ನಾಗಿಯೇ ಆಯಿತು. ಜೀನ್ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಲೇಸ್ ಬಟ್ಟೆ ಇದ್ದ ಹಾಗಿದೆ" ಅಂದಳು. ಐದು ತಿಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲ? ಅತಿಥಿಯ ಜೊತೆ ಅತಿಥಿಯ ದೇಶದ ಬಗ್ಗೆ ಮಾತಾಡಬೇಕು ಎನ್ನುವ ಹುಚ್ಚು ನನಗೆ.

"ನಿಮ್ಮ ದೇಶದ ಟಿವಿ ಮೊದಲಿನ ಹಾಗಿಲ್ಲ" ಅಂದೆ. ನಾನು ಇಲ್ಲಿಗೆ ಹೊಸದಾಗಿ ಬಂದಾಗ ಕ್ವಾರ್ಟರ್ಸಿನ ಕ್ಲಬ್ಬಿನಲ್ಲಿ ಬ್ರಿಟಿಷ್ ಧಾರಾವಾಹಿಗಳ ಕ್ಯಾಸೆಟ್ಟುಗಳಿದ್ದವು. ನನ್ನ ಅರ್ಧ ಇಂಗ್ಲಿಷ್ ಅವುಗಳಿಂದಲೇ ಬಂದದ್ದು. ಎಂಥ ಮಾತು, ಎಂಥ ನಟನೆ! ಈಗ? ಕೇಕ್ ಮಾಡಿ ಅಳುವವರು, ಮನೆ ಮಾರುವವರು, ಒಬ್ಬರನ್ನೊಬ್ಬರು ಹೊರಗೆ ಹಾಕುವವರು. ಇದನ್ನೆಲ್ಲ ವಿವರವಾಗಿ ಹೇಳಿದೆ.

ಜೀನ್ ನಕ್ಕಳು. "ಕೆಟ್ಟದ್ದು ಆಗಲೂ ಬೇಕಾದಷ್ಟಿತ್ತು ಡಿಯರ್. ಸಮುದ್ರ ದಾಟಿ ನಿಮ್ಮವರೆಗೆ ಬಂದದ್ದು ಒಳ್ಳೆಯದು ಮಾತ್ರ."

ಇದು ನನಗೆ ಹೊಳೆದೇ ಇರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲ. ಕಳೆದ ತಿಂಗಳು ನೋಡಿದ ಒಂದು ಹೊಸ ಧಾರಾವಾಹಿಯನ್ನು ಎತ್ತಿದೆ. ಹಳೆಯ ಕಾಲದ ಒಬ್ಬ ವಿಧವೆಯ ಕಥೆ. "ಎಳೆದೂ ಎಳೆದೂ ಸಾಕುಮಾಡಿದರು. ನಾನು ಒಂದೂವರೆ ಸ್ಪೀಡಿನಲ್ಲಿಟ್ಟು, ಬಟ್ಟೆ ಮಡಚುತ್ತಾ ಮುಗಿಸಿದೆ!"

ಪಾಲಿನ್ ಕೆಮ್ಮಿದಳು. ನೀರು ಬೇಕೇನೋ ಎಂದು ಲೋಟ ಮುಂದಿಟ್ಟೆ.

ಆಗ ಇವರು ಎದ್ದು ಗಿಫ್ಟ್ ತಂದರು. "ಸಿಸ್ಟರ್, ಇದು ನಿಮಗೆ. ಆಲ್ ಚಾನೆಲ್ಸ್. ನೋ ಲೈಸೆನ್ಸ್, ನೋ ಬಿಲ್. ಊರಿಗೆ ಹೋಗಿ ಸಿಕ್ಕಿಸಿದರೆ ಖಲಾಸ್!"

ಜೀನ್ ಪೇಪರ್ ಹರಿಯದ ಹಾಗೆ ಉಗುರಿನಿಂದ ಟೇಪ್ ಬಿಡಿಸಿದಳು. ಡಬ್ಬಿಯನ್ನು ತಿರುಗಿಸಿ ನೋಡಿದಳು. ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಆ ವಿಧವೆಯ ಕೋಟು ಹೊಲಿದದ್ದು ನಾನು" ಅಂದಳು.

ಆಕೆ ಟಿವಿ ಧಾರಾವಾಹಿಗಳಿಗೆ ಉಡುಪು ಹೊಲಿಯುವವಳು. ಇಪ್ಪತ್ತೆಂಟು ವರ್ಷ ಅದೇ ಕೆಲಸ. "ಮಟ್ಟ ಇಳಿದಿದೆ, ನೀವು ಹೇಳಿದ್ದು ಸುಳ್ಳಲ್ಲ. ಮೊದಲು ಒಂದು ಗೌನಿಗೆ ಒಂದು ತಿಂಗಳು ಕೊಡುತ್ತಿದ್ದರು, ಆಮೇಲೆ ಒಂದು ವಾರ. ಈ ವರ್ಷ ನಮ್ಮ ಹೊಲಿಗೆ ಕೋಣೆಯನ್ನೇ ಮುಚ್ಚಿದರು. ಜನ ನೋಡುತ್ತಾರಂತೆ, ಆದರೆ ಇಂಥ ಡಬ್ಬಿಯಲ್ಲಿ ನೋಡಿದ್ದರ ದುಡ್ಡು ನಮಗೆ ದಕ್ಕುವುದಿಲ್ಲವಂತೆ." ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ಊಟ ತುಂಬಾ ಚೆನ್ನಾಗಿತ್ತು. ಇದು ಮಾತ್ರ ಬೇಡ, ಥ್ಯಾಂಕ್ಸ್."

ಅವರು ಹೋದ ಮೇಲೆ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ.

"ಅಷ್ಟಕ್ಕೆಲ್ಲ ಎಂತ ಬೇಜಾರು ಮಾರಾಯ್ತಿ?" ಇವರು. "ಇಡೀ ಮೆಸಯೀದಿನಲ್ಲಿ ಈ ಡಬ್ಬಿ ಇಲ್ಲದ ಮನೆ ತೋರಿಸು ನೋಡುವ."

"ಪಪ್ಪಾ, ದಟ್ಸ್ ಸ್ಟೀಲಿಂಗ್" ಎಂದಳು ಹನ್ನೊಂದನೇ ಕ್ಲಾಸಿನ ಮಗಳು.

"ಹೌದಾ? ನಿನ್ನ ಕೊರಿಯಾದ ಸೀರಿಯಲ್ಲು ಎಲ್ಲಿಂದ ಬರುವುದು, ಪೋಸ್ಟಿನಲ್ಲಾ?"

ಮಗಳು ಫೋನ್ ಎತ್ತಿಕೊಂಡು ಕೋಣೆಗೆ ನಡೆದಳು. ನನಗೂ ಹಾಗೆ ಎದ್ದುಹೋಗಲು ಆಗುತ್ತಿದ್ದರೆ! ಜೀನ್ ಭಾನುವಾರ ಹೊರಡುವವಳು. ನಮ್ಮ ಮನೆಯ ನೆನಪೆಂದರೆ ಆಕೆಗೆ ಇಷ್ಟೇ ಉಳಿಯಬೇಕೆ? ಆರು ವರ್ಷದ ಸ್ನೇಹಿತೆ ಪಾಲಿನ್ ಇನ್ನು ನಮ್ಮ ಬಾಗಿಲು ತಟ್ಟುವಳೇ?

ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಪಾಲಿನ್ ನನ್ನನ್ನು ಒಳಗೆ ಕರೆಯದೆ, ತಾನೇ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು.

"ಅವಳು ಬರುವ ಮುಂಚೆ ನಮ್ಮನೆ ಡಬ್ಬಿಯನ್ನು ಬಿಚ್ಚಿ ಟವೆಲ್ ಕಪಾಟಿನಲ್ಲಿ ಅಡಗಿಸಿಟ್ಟಿದ್ದೇನೆ" ಎಂದು ಪಿಸುಗುಟ್ಟಿದಳು. "ನೀವು ನೋಡಿದರೆ ರಿಬ್ಬನ್ ಕಟ್ಟಿ ಕೊಟ್ಟಿರಿ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಂತ ಅಕ್ಕನ ಮನೆಯಲ್ಲೂ! ಆದರೆ ಪಾಲಿನ್ ಕದ್ದದ್ದನ್ನು ಬಚ್ಚಿಟ್ಟಿದ್ದಳು, ಅಂದರೆ ಕದ್ದದ್ದು ಎಂದು ಅವಳಿಗೆ ಗೊತ್ತಿತ್ತು. ನಾವು ಅದನ್ನು ಮರ್ಯಾದೆ ಎಂದು ತಟ್ಟೆಯ ಪಕ್ಕ ಇಟ್ಟಿದ್ದೆವು.

ಒಳಗೆ ಜೀನ್ ಪೆಟ್ಟಿಗೆ ತುಂಬುತ್ತಿದ್ದಳು. ತಪ್ಪಾಯಿತು ಎಂದೆ. ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಮರೆತು ಅದೊಂದೇ ಬಂತು.

ಆಕೆ ಶಾಲು ಮಡಚುತ್ತಾ, "ಆ ಕೋಟಿನ ಬಣ್ಣ ನೆನಪಿದೆಯಾ?" ಎಂದಳು.

"ಕಪ್ಪು" ಅಂದೆ. ವಿಧವೆಯಲ್ಲವೇ, ಇನ್ನೇನಿರುತ್ತದೆ?

"ಹಸಿರು. ಕಡು ಹಸಿರು. ಅವಳು ಕಪ್ಪು ಬಿಡುವುದೇ ಕಥೆ."

ಮುಖ ಎಲ್ಲಿಡಲಿ? "ಇವತ್ತೇ ಮತ್ತೆ ನೋಡುತ್ತೇನೆ, ಸರಿಯಾಗಿ" ಎಂದು ಮಾತು ಕೊಟ್ಟೆ.

"ಮೂರನೇ ಭಾಗ. ಕಾಲರ್ ನೋಡಿ. ಎರಡು ಸಲ ಬಿಚ್ಚಿ ಹೊಲಿದದ್ದು." ಮೊದಲ ಬಾರಿಗೆ ಆಕೆಯ ಕಣ್ಣಲ್ಲಿ ಬೆಳಕು ಕಂಡಿತು.

ಸಂಜೆ ಮಗಳನ್ನು ಕೂರಿಸಿಕೊಂಡು ಹುಡುಕಿಸಿದೆ, ದುಡ್ಡು ಕೊಟ್ಟೇ ನೋಡೋಣ ಎಂದು. ಅರ್ಧ ಗಂಟೆ ಹುಡುಕಿದಳು. "ಕತಾರಿಗೆ ಇಲ್ಲ ಅಂತ ಬರ್ತದೆ ಅಮ್ಮ. ಮಾಫಿ." ಇಲ್ಲಿಯ ಅರಬಿಯಲ್ಲಿ ಹಾಗೆಂದರೆ ಇಲ್ಲವೇ ಇಲ್ಲ. ಮತ್ತೇನು ಮಾಡುವುದು? ಕೊಟ್ಟ ಮಾತು ಇದೆಯಲ್ಲ. ಡಬ್ಬಿಯಲ್ಲೇ ಹಾಕಿದೆವು. ಮಾಮೂಲಿ ಸ್ಪೀಡಿನಲ್ಲಿ, ಕೈಯಲ್ಲಿ ಬೇರೆ ಕೆಲಸವಿಲ್ಲದೆ.

ಕೋಟು ಬಂತು. ವಿಧವೆ ಮೆಟ್ಟಿಲಿಳಿಯುತ್ತಾಳೆ, ಮಾತಿಲ್ಲ. ಕಾಲರ್ ಕತ್ತಿನ ಸುತ್ತ ಎಲೆಯ ಹಾಗೆ ನಿಂತಿತ್ತು. ಒಳ್ಳೆಯ ಧಾರಾವಾಹಿ ಅದು. ಎಳೆದಿರಲೂ ಇಲ್ಲ. ಮಟ್ಟ ಇಳಿದಿದ್ದರೆ ಸ್ವಲ್ಪ ಅಲ್ಲಿ ಇಳಿದಿರಬಹುದು, ಉಳಿದದ್ದು ನಮ್ಮ ಸೋಫಾದಲ್ಲೇ ಇಳಿದಿತ್ತು.

"ನೋಡಿದೆ. ಕಾಲರ್ ಬಹಳ ಚಂದ" ಎಂದು ಜೀನ್‌ಗೆ ಮೆಸೇಜ್ ಹಾಕಿ ಒಲೆ ಹೊತ್ತಿಸಿದೆ. ಉಳಿದಿದ್ದ ಕೋಳಿ ಸಾರು ಬಿಸಿ ಮಾಡಿ, ಕುಚ್ಚಲಕ್ಕಿ ಗಂಜಿಯ ಜೊತೆ ಮೂವರೂ ಉಂಡೆವು. ಮೊದಲು ನಿದ್ದೆ ಹೋದವರು ಇವರು, ಬೆಳಿಗ್ಗೆ ಐದಕ್ಕೆ ಪ್ಲಾಂಟಿನ ಬಸ್ಸು. ಆಮೇಲೆ ಮಗಳು.

ಲೈಟ್ ಆರಿಸಲು ಹೋದಾಗ ಜೀನ್‌ಳ ಉತ್ತರ ಬಂದಿತ್ತು: "ಬಹಳ ಸಂತೋಷ! ಎಲ್ಲಿ ನೋಡಿದಿರಿ?"