ತೊಂಬತ್ತರ ಅಜ್ಜಿಗೆ ಮುಂಚಿತ ಶುಭಾಶಯ

“ಅಮ್ಮಾ, ಶೋಭಾ ದೊಡ್ಡಮ್ಮಂಗೆ ಓದೋಕೇ ಬರದಿರೋ ಪೇಪರ್‌ನ ಅವ್ರು ಹೆಂಗಮ್ಮ ಮಾಡ್ತಾರೆ?”

ಅಮೃತಳ ಈ ಪ್ರಶ್ನೆ ಭಾನುಪ್ರಿಯಾಳನ್ನೂ ಕಾಡುತ್ತಿತ್ತು. ಮಹಡಿ ಮನೆಯ ಶೋಭಾರಾಣಿ ಹಿಂದೆ ಗೌರಿಬಿದನೂರು ಬಸ್‌ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟಿದ್ದವಳು. ಈಗ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು, ರೊಮೇನಿಯಾದಲ್ಲಿ ಉಳಿದಿರುವ ಒಂದಿಷ್ಟು ಜರ್ಮನ್ ಜನರ ವಾರಪತ್ರಿಕೆಗೆ ಪುಟ ಕಟ್ಟುತ್ತಾಳೆ. ಬರಹ, ಚಿತ್ರ ಅಲ್ಲಿಂದ ಬರುತ್ತವೆ. ಯಾವುದು ಎಲ್ಲಿ ಕೂರಬೇಕೆಂಬುದು ಇವಳ ಪಾಲಿನ ಕೆಲಸ.

ಸಂಜೆ ಭಾನುಪ್ರಿಯಾ ಮಗಳ ಕೈ ಹಿಡಿದು ಮೇಲೆ ಹತ್ತಿದಳು.

“ರೊಮೇನಿಯಾದಲ್ಲಿ ಜರ್ಮನ್ ಪೇಪರ್ ಯಾರಿಗಕ್ಕಾ?”

“ನೀನು ನಿಮ್ಮತ್ತೆ ಜೊತೆ ತೆಲುಗಲ್ಲಿ ಜಗಳ ಆಡಲ್ವೇನೇ? ಅಂಗೇ. ಅವರ ಮುತ್ತಾತಂದಿರು ಯಾವ ಕಾಲದಲ್ಲೋ ಅಲ್ಲಿಗೆ ಹೋಗಿ ನಿಂತ್ರಂತೆ. ಮಾತು ಮಾತ್ರ ಬಿಟ್ಟಿಲ್ಲ.”

ಭಾನುಪ್ರಿಯಾ ನಕ್ಕಳು. ಶೋಭಾ ನಗಲಿಲ್ಲ. ಪರದೆಯ ಮೇಲೆ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುದುಕಿ ಇದ್ದಳು.

“ಕತಾರೀನಾ ಅಜ್ಜಿ. ಭಾನುವಾರಕ್ಕೆ ತೊಂಬತ್ತು ತುಂಬುತ್ತೆ. ಮುಂದಿನ ವಾರ ಹಾಕ್ಬೇಕಿದ್ದ ಶುಭಾಶಯನ ಈ ವಾರಾನೇ ಹಾಕ್ಬಿಟ್ಟೆ ಕಣೇ.”

“ಮುಂಚೇನೇ ಹಾಕಿದ್ರೆ ಒಳ್ಳೇದಲ್ವಾ?”

“ನಾನೂ ಅಂಗೇ ಅಂದ್ಕೊಂಡೆ. ಲೀಡರ್‌ಗಳ ಬರ್ತ್‌ಡೇ ಫ್ಲೆಕ್ಸ್ ಎರಡು ದಿನ ಮುಂಚೆ ಕಟ್ಟಿಲ್ಲ ಅಂದ್ರೆ ಹುಡುಗ್ರು ಅಂಗಡಿ ಮುಂದೆ ಬಂದು ಕೂಗಾಡೋರು. ಪುಟದಲ್ಲಿ ಜಾಗ ಖಾಲಿ ಇತ್ತು, ಕೂರಿಸ್ದೆ.”

ಆ ಜನಕ್ಕೆ ಹುಟ್ಟಿದ ದಿನ ಬರುವ ಮುಂಚೆ ಶುಭ ಕೋರುವುದು ಅಪಶಕುನ. ಆ ದಿನವನ್ನು ಕಾಣದೆ ಹೋಗಿಬಿಡುತ್ತಾರೆಂಬ ಭಯ. ಪತ್ರಿಕೆ ಮನೆಮನೆ ಮುಟ್ಟಿದ ಮೇಲೆ ಸಂಪಾದಕಿ ಫೋನ್ ಮಾಡಿದ್ದಳು. ಬೈದಿರಲಿಲ್ಲ, ಅಜ್ಜಿ ಕೇಕ್ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ ಎಂದಷ್ಟೇ ಹೇಳಿದ್ದಳು.

“ಏನಾದ್ರೂ ತಿಂತಿದ್ದಾರಾ, ಕೇಳಿದ್ರಾ ಅಕ್ಕಾ?”

“ಸೂಪ್ ಕುಡಿದ್ರಂತೆ. ಉಪ್ಪು ಕಮ್ಮಿ ಅಂತ ಸೊಸೇನ ಬೈದ್ರಂತೆ.”

“ಸೊಸೇನ ಬೈಯೋ ಶಕ್ತಿ ಇದ್ರೆ ಏನೂ ಆಗಲ್ಲ ಬಿಡಿ!”

“ಅಜ್ಜಿಗೆ ಹಲ್ಲಿದ್ಯಾ?” ಎಂದಳು ಅಮೃತ, ಪರದೆಗೆ ಮೂಗು ತಾಗಿಸಿ.

ಶೋಭಾ ಅವಳ ತಲೆ ಸವರಿದಳು. “ಕೆಲಸ ಹೋದ್ರೆ ಹೋಗ್ಲಿ ಭಾನು, ಮತ್ತೆ ಫ್ಲೆಕ್ಸ್ ಹಾಕ್ತೀನಿ. ಅಜ್ಜಿ ಭಾನುವಾರ ದಾಟಿಬಿಟ್ರೆ ಸಾಕು. ಇಲ್ದಿದ್ರೆ ನನ್ನ ಕೈಯಿಂದಾನೇ ಆದಂಗಲ್ವಾ?”

ಆಮೇಲೆ ದನಿ ತಗ್ಗಿಸಿದಳು.

“ಇವಳು ಊಟ ಬಿಟ್ಟು ಹಟ ಮಾಡಿದಾಗ ನೀನು ದೃಷ್ಟಿ ತೆಗೀತೀಯಲ್ಲ, ಕೆಳಗಡೆಯಿಂದ ಒಂದ್ ಹಿಡಿ ಉಪ್ಪು, ಮೆಣಸಿನಕಾಯಿ ತಗೊಂಡ್ ಬಾರಮ್ಮ. ಕೆಡಿಸಿದ ಕೈಯಲ್ಲಿ ನಾನೇ ತೆಗೆಯೋಕಾಗಲ್ಲ. ಫೋಟೋ ದೊಡ್ಡದು ಮಾಡಿ ಇಟ್ಟಿರ್ತೀನಿ, ಅಜ್ಜಿಗೂ ಒಂದ್ಸಲ ನಿವಾಳಿಸಿಬಿಡು.”