ಕರಿ ದಾರದ ಬಾಟಲಿ

ಎಣ್ಣೆ ಕಾಸುವುದು ಅವಸರದ ಕೆಲಸವಲ್ಲ. ಕುಸುಬಿ ಎಣ್ಣೆಯನ್ನು ಸಣ್ಣ ಉರಿಯ ಮೇಲಿಟ್ಟು, ಜಜ್ಜಿದ ಬಳ್ಳೊಳ್ಳಿ ಹಾಕಿ, ಅದು ಕೆಂಪಗಾಗುವ ತುಸು ಮೊದಲು ಅಜವಾನ, ಜೀರಿಗೆ ಉದುರಿಸಿ ಒಲೆಯಿಂದ ಇಳಿಸಬೇಕು. ಉಳಿದದ್ದನ್ನು ಕಾವೇ ಮಾಡಿಕೊಳ್ಳುತ್ತದೆ. ಐದನೆಯ ಇಯತ್ತೆಗೇ ಸಾಲಿ ಬಿಟ್ಟು ಗಾಣಕ್ಕೆ ಸೇರಿದವನು ನಾನು. ಈ ಹದವನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಮೂಗು ಕಲಿಸಿತು. ಗಜೇಂದ್ರಗಡದ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ, ಬಾಣಂತಿ ಇದ್ದ ಮನೆಯವರು ಸುತ್ತಲಿನ ಹಳ್ಳಿಗಳಿಂದ ನನ್ನ ಎಣ್ಣೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಿಸಿ ಅನ್ನದ ಮೇಲೆ ಒಂದು ಚಮಚ ಹಾಕಿಕೊಂಡು ಉಂಡರೆ ವಾಯು ಆಗುವುದಿಲ್ಲ ಎಂದು ಅವರ ನಂಬಿಕೆ.

ಇನ್ನೊಂದು, ಮೊಣಕಾಲು ನೋವಿನ ಎಣ್ಣೆ. ಅದಕ್ಕೂ ಅದೇ ಬಳ್ಳೊಳ್ಳಿ, ಅದೇ ಅಜವಾನ. ಮೇಲೆ ದತ್ತೂರಿ ಎಲೆಯ ರಸ. ಅದನ್ನು ಹಚ್ಚಿಕೊಳ್ಳಬೇಕು, ಹೊಟ್ಟೆಗೆ ಹೋಗಬಾರದು. ಹೋದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮನುಷ್ಯ ಹುಚ್ಚು ಹಿಡಿದವನಂತೆ ಬಡಬಡಿಸುತ್ತಾನೆ. ಜೀವವೇ ಹೋದರೂ ಹೋಯಿತು.

ಎರಡನ್ನೂ ಒಂದೇ ತರಹದ ಬಾಟಲಿಗೆ ತುಂಬುತ್ತಿದ್ದೆ. ಗುರುತಿಗೆಂದು ಹಚ್ಚುವ ಎಣ್ಣೆಯ ಬಾಟಲಿಯ ಕೊರಳಿಗೆ ಕರಿ ದಾರ ಕಟ್ಟುತ್ತಿದ್ದೆ.

"ಒಂದು ಚೀಟಿ ಅಂಟಸ್ರಿ," ಎನ್ನುತ್ತಿದ್ದಳು ಹೆಂಡತಿ. "ಅಕ್ಷರ ಸೊಟ್ಟ ಬರ್ತಾವಂತ ನಾಚಿಕೀ ಏನು?"

"ಓದಾಕ ಬರದವ್ರು ಚೀಟಿ ತಗೊಂಡು ಏನ್ ಮಾಡ್ತಾರ? ದಾರ ಅಂದ್ರ ಕುರುಡಗೂ ಕೈಗೆ ಹತ್ತತೈತಿ."

ಆ ಉಪಾಯದ ಬಗ್ಗೆ ನನಗೆ ಭಾರಿ ಹೆಮ್ಮೆ.

ಗುಡ್ಡದ ಮೇಲೆ ಆಗಷ್ಟೇ ಗಾಳಿಯಂತ್ರಗಳು ಎದ್ದಿದ್ದ ವರ್ಷ. ಒಂದು ದಿನ ಊಟದ ಹೊತ್ತಿಗೆ ತುಸು ಮುಂಚೆ ಪುರ್ತಗೇರಿಯ ಮುದುಕಿಯೊಬ್ಬಳು ಅಂಗಡಿಗೆ ಬಂದಳು. ಮೂರು ದಿನದ ಹಿಂದೆ ಎರಡು ಬಾಟಲಿ ಒಯ್ದಿದ್ದಳು. ಹಡೆದ ಮಗಳಿಗೆ ಒಂದು, ತನ್ನ ಮೊಣಕಾಲಿಗೆ ಒಂದು. ಈಗ ಅಜವಾನ ಬೇಕಾಗಿತ್ತು.

"ನಿನ್ನ ದಾರ ಭಾಳ ಗಟ್ಟಿ ಐತಿ ನೋಡು ತಮ್ಮಾ," ಎಂದಳು.

"ಯಾವ ದಾರ, ಆಯಿ?"

"ಬಾಟ್ಲಿ ಕೊಳ್ಳಾಗ ಇತ್ತಲ್ಲ, ಅದಾ. ಹೊಸಾದು, ಯಾಕ ಕೆಡಸೂದು? ಮುಂಜಾನೆ ಬಿಚ್ಚಿ, ತೊಳದು, ಕೂಸಿನ ನಡಕ್ಕ ಕಟ್ಟಿ ಬಂದೆ. ಯಾರ ಕಣ್ಣೂ ತಾಕಬಾರ್ದು."

ನನ್ನ ಕೈಯಲ್ಲಿದ್ದ ತಕ್ಕಡಿ ಒಂದು ಕಡೆ ವಾಲಿತು.

"ಬಾಟ್ಲಿ ಎಲ್ಲಿ ಅದಾವ?"

"ಎರಡೂ ಒಲಿ ಬಾಜೂಕ. ಗ್ವಾಡಿ ಕಡೆ ಇರೂದು ನನ್ನದು."

"ಇವತ್ತ ಅಡಗಿ ಯಾರದು?"

"ನಮ್ಮ ಬೀಗತಿ ಬಂದಾಳ. ಮೊಮ್ಮಗನ ಮಾರಿ ನೋಡಿದಾಕಿ ಒಲಿ ಮುಂದ ಕುಂತಾಳ, ಏಳವಲ್ಲಳು."

"ಗ್ವಾಡಿ ಕಡೇದು ಹಚ್ಚೂದು ಅಂತ ಆಕಿಗೆ ಹೇಳೀ ಏನು?"

"ಅದನ್ನೇನು ಹೇಳೂದು?"

ಅವರ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆ. ಗಂಟೆ ಬಾರಿಸಿತು, ಬಾರಿಸಿತು, ಯಾರೂ ಎತ್ತಲಿಲ್ಲ. ಅಂಗಡಿಯನ್ನು ಹಾಗೇ ಬಿಟ್ಟು ಮೊಪೆಡ್ ಹೊರಗೆ ತೆಗೆದೆ.

"ಹತ್ತು ಆಯಿ, ಮನೀಗೆ ಬಿಡ್ತೀನಿ. ಎಣ್ಣಿ ಬದಲಿ ಮಾಡಿ ಕೊಡೂದೈತಿ." ಆಗಲೂ ಖರೇ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮುದುಕಿ ನಕ್ಕಳು. "ಗಿರಾಕಿನ್ನ ಬೆನ್ನಿಗೆ ಕುಂದರಿಸಿಕೊಂಡು ಒಯ್ಯಾಕತ್ತೀಯಲ್ಲೋ! ನೋಡಿದವ್ರು ನನಗ ಏನಂದಾರು?"

ಊರು ದಾಟುವವರೆಗೂ ಏನೇನೋ ಮಾತಾಡಿದಳು. ನನಗೆ ಒಂದೂ ಕೇಳಿಸಲಿಲ್ಲ. ಬಿಸಿ ಅನ್ನ, ಅದರ ನಡುವೆ ಒಂದು ಗುಳಿ, ಗುಳಿಯಲ್ಲಿ ನನ್ನ ಕೈಯಾರೆ ಕಾಸಿದ ಎಣ್ಣೆ, ಅಷ್ಟೇ ಕಣ್ಣ ಮುಂದೆ. ತಾಯಿ ಉಂಡರೆ ಹಾಲಿಗೂ ಇಳಿದೀತು. ಆಮೇಲೆ ಕೂಸು? ಅದರ ಮುಂದಕ್ಕೆ ಯೋಚಿಸಲು ಧೈರ್ಯವಾಗಲಿಲ್ಲ. ಆ್ಯಕ್ಸಿಲರೇಟರ್ ತಿರುವಿದಷ್ಟೂ ಗಾಡಿ ನಿಂತಲ್ಲೇ ನಿಂತಂತೆ ಅನಿಸುತ್ತಿತ್ತು.

"ನಿನ್ನ ಅಂಗಿ ಯಾಕ ಇಷ್ಟು ತೊಯ್ದೈತಿ?" ಎಂದಳು ಮುದುಕಿ. ಅವಳ ದನಿ ಬದಲಾಗಿತ್ತು. "ಖರೇ ಹೇಳು."

ಹೇಳಿದೆ. ಅವಳು ಬೈಯಲಿಲ್ಲ. ನನ್ನ ಹೆಗಲ ಮೇಲಿದ್ದ ಬೆರಳುಗಳು ಮಾಂಸಕ್ಕೆ ಇಳಿದವು.

"ಲಗೂ ನಡಿ," ಎಂದಳು, ಅಷ್ಟೇ.

ಚಪ್ಪಲಿ ಬಿಡದೆ ಒಳಗೆ ನುಗ್ಗಿದೆ. ಬೀಗತಿ ಒಲೆಯ ಮುಂದಿದ್ದಳು. ಬಾಣಂತಿ ಹಗ್ಗದ ಹೊರಸಿನ ಮೇಲೆ ಅಳುವ ಕೂಸನ್ನು ಮಲಗಿಸಿಕೊಂಡು ಬಾಗಿದ್ದಳು. ಪಕ್ಕದಲ್ಲಿ ತಾಟು, ತಾಟಿನಲ್ಲಿ ಕಲಸಿದ ಅನ್ನ. ತಾಟು ಎತ್ತಿ ಮೂಸಿದೆ. ಬಳ್ಳೊಳ್ಳಿಯ ವಾಸನೆ, ಬೇರೇನೂ ಇಲ್ಲ. ಇಷ್ಟು ವರ್ಷ ನಾನು ಜಂಬಪಟ್ಟ ಮೂಗು ಅಂದು ನನ್ನ ಕೈಬಿಟ್ಟಿತ್ತು. ಒಂದು ಅಗುಳು ತೆಗೆದು ನಾಲಿಗೆಗೆ ತಾಕಿಸಿದೆ.

"ಅಯ್ಯ ಶಿವನ! ಯಾರವಾ ಈತ, ಬಾಣಂತಿ ತಾಟ ನೆಕ್ಕಾಕತ್ತಾನ!" ಎಂದು ಬೀಗತಿ ಕೂಗಿದಳು.

ನಾಲಿಗೆಯ ಬುಡದಲ್ಲಿ ಕಹಿ ಎದ್ದಿತು. ಉಗುಳಿದೆ.

"ಎಷ್ಟು ತುತ್ತು ಉಂಡಿ ಯವ್ವಾ?" ಎಂದು ಬಾಣಂತಿಯನ್ನು ಕೇಳಿದೆ.

ಹುಡುಗಿ ಬೆರಗಾಗಿ ನೋಡಿದಳು. "ಇನ್ನೂ ಬಾಯಿಗೇ ಇಟ್ಟಿಲ್ಲಣ್ಣ. ಕಲಸಾಕತ್ತಿದ್ನಿ, ಕೂಸು ಚೀರಾಕ ಹತ್ತಿತು. ನೋಡಿದ್ರ ನಡದಾಗಿನ ದಾರ ಬಿಗಿ ಆಗೈತಿ. ಆಗಿನಿಂದ ಎಡಗೈಲೇ ಗಂಟು ಬಿಚ್ಚಾಕತ್ತೇನಿ, ಬರವಲ್ದು."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಮುದುಕಿ ಮೊದಲು ಮಗಳ ಕೈಯನ್ನು ಸಾಬೂನು ಹಚ್ಚಿ ಎರಡು ಸಲ ತೊಳೆಸಿದಳು. ಆಮೇಲೆ ಈಳಿಗೆಯ ತುದಿಯಿಂದ ದಾರ ಕತ್ತರಿಸಿದಳು. ಕೂಸಿನ ಸೊಂಟದ ಸುತ್ತಲೂ ಕೆಂಪು ಗೆರೆ ಮೂಡಿತ್ತು.

"ಆ ಬಾಟ್ಲಿ ಒಯ್ಯಿ," ಎಂದಳು ನನ್ನ ಕಡೆ ನೋಡದೆ. "ನನ್ನ ಕಾಲು ಹಿಂಗ ನೋಯಲಿ."

ಆ ಸಂಜೆ ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಕಾಗದ, ಪೆನ್ನು ತಂದು ನನ್ನ ಮುಂದಿಟ್ಟಳು. ಸೊಟ್ಟ ಅಕ್ಷರಗಳಲ್ಲಿ ಬರೆದು ಉಳಿದ ಬಾಟಲಿಗಳಿಗೆ ಅಂಟಿಸಿದೆ. ಅಂಟಿಸಿದ ಮೇಲೂ ಅವುಗಳನ್ನು ಮಾರಲು ಮನಸ್ಸಾಗಲಿಲ್ಲ. ಊರ ಹೊರಗೆ ಒಯ್ದು ತಗ್ಗು ತೋಡಿ ಸುರಿದೆ. ದತ್ತೂರಿ ಎಣ್ಣೆಯನ್ನು ಮತ್ತೆ ಕಾಸಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಎಲಿ ಸಿಗವಲ್ದು," ಎನ್ನುತ್ತಿದ್ದೆ.

ಅಂಗಡಿಯ ಹಿಂದಿನ ತಿಪ್ಪೆಯ ಮೇಲೆ ದತ್ತೂರಿ ಮೊಣಕಾಲೆತ್ತರ ಬೆಳೆದು ನಿಂತಿತ್ತು.