ಸರ್ ದನಿಯಲ್ಲಿ ಹೇಳಿದ ‘ಇರಲಿ’

ಮೊದಲೇ ಹೇಳಿಬಿಡುತ್ತೇನೆ. ಆ ದಿನ ಫೋನಿನಲ್ಲಿ ‘ಇರಲಿ’ ಎಂದವನು ನಾನು. ದನಿ ಮಾತ್ರ ಸರ್ ಅವರದು. ಜನರ ದನಿ ಕದಿಯುವುದು ನನಗೆ ಚಿಕ್ಕಂದಿನ ಚಟ. ನಾಶಿಕದ ಪಕ್ಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಅಪ್ಪನ ಸಾಹೇಬರ ಕೆಮ್ಮಿನಿಂದ ಹಿಡಿದು ಹಾಲಿನವನ ಸೈಕಲ್ ಬ್ರೇಕಿನವರೆಗೆ ಎಲ್ಲವನ್ನೂ ಮಾಡಿ ತೋರಿಸಿ ಲಾಡು ಗಿಟ್ಟಿಸಿದವನು ನಾನು. ಸ್ವಂತ ದನಿಯಲ್ಲಿ ಹೇಳುವಂಥದ್ದು ನನ್ನ ಬಳಿ ಏನೂ ಇರಲಿಲ್ಲವೆಂದು ಈಗ ಅನಿಸುತ್ತದೆ. ಆಗ ಅದನ್ನೇ ಪ್ರತಿಭೆ ಎಂದುಕೊಂಡಿದ್ದೆ.

ಸರ್ ಮತ್ತೆ ನೆನಪಾದದ್ದು ಹೋದ ತಿಂಗಳು, ನಾಶಿಕದ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ಪರದೆಯ ಮೇಲೆ ಒಂದು ಸಾಲು ಕಂಡಾಗ. ಇಂಥ ಹೆಸರನ್ನು ಇಂಪೋರ್ಟ್ ಮಾಡಲು, ಅಂದರೆ ಬೇರೆ ಫೈಲಿನಿಂದ ಕರೆತರಲು, ಆಗುತ್ತಿಲ್ಲ ಎಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ತಕರಾರು ಮಾಡುವ ಸಾಲು. ಫೈಲ್ ಇದೆ, ಫೈಲಿನೊಳಗೆ ಹೆಸರೂ ಇದೆ, ಆದರೂ ಇಲ್ಲ ಅಂತಿದೆ ಎಂದು ಅವಳು ಅಳುವಂತಾಗಿದ್ದಳು. ಉತ್ತರ ಹೇಳಲು ಬಾಯಿ ತೆರೆದೆ. ಬಂದದ್ದೆಲ್ಲ ಸರ್ ಮಾತು. ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟೆ... ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಸರ್ ವಿಜಾಪುರದ ಕಡೆಯವರು. ಆಗ ನಮ್ಮ ನಾಶಿಕ ಆಫೀಸಿನ ಹಿರಿಯ ಪ್ರೋಗ್ರಾಮರ್ ಆಗಿದ್ದರು. ಏನು ಹೇಳುವುದಿದ್ದರೂ ಮೊದಲು ‘ಹಾಂ...’ ಎಂದು ಒಂದು ಉಸಿರು ಬಿಡುವರು, ಆಮೇಲೆ ‘ನೋಡ್ರಿ’. ನಿನ್ನೆ ಮೊನ್ನೆ ಸೇರಿದ ನನ್ನಂಥವನಿಗೂ ‘ರಿ’ ಹಚ್ಚಿಯೇ ಮಾತು. ಮರಾಠಿಯಲ್ಲಿ ಅದೇ ‘ಹಾಂ... ಬಘಾ’ ಆಗುತ್ತಿತ್ತು. ಮೂಗಿನಿಂದ ಶುರುವಾಗಿ ಗಂಟಲಲ್ಲಿ ಮುಗಿಯುವ ಆ ದನಿಯನ್ನು ನಾನು ಸೇರಿದ ವಾರದಲ್ಲೇ ಹಿಡಿದಿದ್ದೆ. ಚಹಾದ ಹೊತ್ತಿನಲ್ಲಿ ಅದನ್ನು ಮಾಡಿದರೆ ಆಫೀಸಿನ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆ ಸರ್ ಹಿಂದೆಯೇ ನಿಂತಿದ್ದರು. “ಹಾಂ... ನೋಡ್ರಿ, ನನಗಿಂತ ಛಲೋ ಮಾಡ್ತೀರಿ. ನಾಳೆ ಮೀಟಿಂಗಿಗೆ ನೀವಽ ಹೋಗಿಬಿಡ್ರಿ” ಎಂದು ತಾವೂ ನಕ್ಕಿದ್ದರು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಆಗ ನಾವು ಮಾಡುತ್ತಿದ್ದದ್ದು ಕಿಡ್ನಿ ರೋಗಿಗಳ ಆಸ್ಪತ್ರೆಯೊಂದರ ಕೆಲಸ. ಆಸ್ಪತ್ರೆಗೆ ನಾಶಿಕದಲ್ಲೊಂದು ಶಾಖೆ, ಔರಂಗಾಬಾದಿನಲ್ಲೊಂದು ಶಾಖೆ. ಛತ್ರಪತಿ ಸಂಭಾಜಿನಗರಕ್ಕೆ ಆಗ ಆ ಹೆಸರಿತ್ತು. ನಮ್ಮ ಕಂಪನಿಗೂ ಎರಡೂ ಊರಲ್ಲಿ ಆಫೀಸು. ಮಾಲೀಕರು ಕೆಲಸವನ್ನು ಹೋಳಿಗೆ ಮುರಿದಂತೆ ಎರಡಾಗಿ ಮುರಿದು ಕೊಟ್ಟಿದ್ದರು. ರೋಗಿಯ ಮಾಡೆಲ್ ನಮ್ಮದು, ಅಂದರೆ ಹೆಸರು, ವಯಸ್ಸು, ಡಯಾಲಿಸಿಸ್ ಪಾಳಿ ಎಲ್ಲ ಇರುವ ಫೈಲು. ರಕ್ತ ಪರೀಕ್ಷೆಯ ರಿಪೋರ್ಟಿನ ಮಾಡೆಲ್ ಔರಂಗಾಬಾದಿನವರದು. ಆ ಆಫೀಸಿನ ಮುಖ್ಯಸ್ಥನನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ರೋಗಿಗೆ ರಿಪೋರ್ಟ್ ಬೇಕು, ರಿಪೋರ್ಟಿಗೆ ರೋಗಿ ಬೇಕು. ಹಾಗಾಗಿ ನಮ್ಮ ಫೈಲಿನ ಮೊದಲ ಸಾಲು ಅವರ ಫೈಲನ್ನು ಕರೆಯುತ್ತಿತ್ತು, ಅವರ ಫೈಲಿನ ಮೊದಲ ಸಾಲು ನಮ್ಮದನ್ನು. ಎರಡನ್ನೂ ಕೂಡಿಸಿದ ದಿನ ಪ್ರೋಗ್ರಾಮು ಏಳಲೇ ಇಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಸರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

“ಹಾಂ... ನೋಡ್ರಿ. ಪೈಥಾನ್ ಫೈಲನ್ನ ಮ್ಯಾಲಿಂದ ಓದಕೋತ ಬರತೈತಿ. ನಮ್ಮ ಫೈಲಿನ ಮೊದಲನೇ ಸಾಲಿನ್ಯಾಗ ನಿಂತು, ರಿಪೋರ್ಟ್ ಕರಕೊಂಡು ಬಾ ಅಂತ ಆ ಕಡೆ ಹೋತು. ಅಲ್ಲಿ ಮೊದಲನೇ ಸಾಲು ಏನಂತೈತಿ? ರೋಗಿನ್ನ ಕರಕೊಂಡು ಬಾ. ರೋಗಿ ಎಲ್ಲಿಂದ ಬರಬೇಕ್ರೀ? ನಮ್ಮ ಫೈಲು ಇನ್ನೂ ಮೊದಲನೇ ಸಾಲು ದಾಟಿಲ್ಲ. ಒಲಿ ಹಚ್ಚಿಲ್ಲ, ಊಟಕ್ಕ ಬರ್ರಿ ಅಂದಂಗಾತು.”

“ಮತ್ತ ಏನ್ ಮಾಡೂದ್ರಿ ಸರ್?”

“ಬರೇ ಹೆಸರು ಬರದು ಇಡೂದು. ಉದ್ಧರಣ ಚಿಹ್ನೆಯೊಳಗ ‘ರಿಪೋರ್ಟ್’ ಅಂತ. ಆಳನ್ನ ಈಗಽ ಎಳಕೊಂಡು ಬರಬ್ಯಾಡ್ರಿ. ಮೂರನೇ ಫೈಲ್ ಒಂದು ಮಾಡಿ ಎಲ್ಲಾರನೂ ಅಲ್ಲಿ ಕರಸೂಣು. ಎಲ್ಲಾರೂ ಬಂದು ಕುಂತ ಮ್ಯಾಲ ಹೆಸರು ಕೂಗಿದರ ಯಾರು ಯಾರಂತ ತಾನಽ ತಿಳೀತೈತಿ.”

ನಮ್ಮ ಫೈಲನ್ನು ಅವರು ಆಗಲೇ ಹಾಗೆ ತಿದ್ದಿಟ್ಟಿದ್ದರು. ಆದರೆ ನಾವು ನಮ್ಮ ಬದಲಾವಣೆ ಕಳಿಸುವ ಮೊದಲು ಔರಂಗಾಬಾದಿನವರೂ ತಮ್ಮದನ್ನು ಬದಲಿಸಬೇಕೆಂದು ಮಾಲೀಕರ ಕಟ್ಟಪ್ಪಣೆ. ದಾದಾ ಫೋನಿನಲ್ಲಿ “ಆಧೀ ತುಮ್ಹೀ”, ಮೊದಲು ನೀವು ಎಂದ. ಇಲ್ಲ, ಇಬ್ಬರೂ ಒಟ್ಟಿಗೆ ಎಂದರು ಸರ್. ದಾದಾನಿಗೆ ಅದು ನಾಶಿಕದವರ ಹಮ್ಮಿನಂತೆ ಕೇಳಿತು. ಫೈಲುಗಳ ಜಗಳವನ್ನೇ ಎರಡು ಊರಿನ ಆಫೀಸುಗಳೂ ಆಡತೊಡಗಿದವು. ಅಷ್ಟರಲ್ಲಿ ಆಸ್ಪತ್ರೆಯವರಿಗೆ ಕೆಲಸ ತೋರಿಸುವ ಡೆಮೊ ದಿನ ಬಂತು. ದಾದಾ ಒಂದು ತೇಪೆ ಹಾಕಿದ. ಎರಡೂ ಫೈಲಿನಲ್ಲಿ: ಕರೆದು ನೋಡು, ಸಿಗದಿದ್ದರೆ ‘ಇಲ್ಲ’ ಎಂದುಕೊಂಡು ಸುಮ್ಮನೆ ಮುಂದೆ ಹೋಗು.

ಪ್ರೋಗ್ರಾಮು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಸರ್ ಮಾತ್ರ ಮುಖ ಗಂಟು ಹಾಕಿಕೊಂಡು, “ಡೆಮೊಕ್ಕಷ್ಟಽ ಇರಲಿ ಇದು. ಕೂಗಾಡೋ ತಪ್ಪು ಛಲೋ ರಿ, ಬಂದು ನೋಡ್ತೀವಿ. ಬಾಯಿ ಮುಚ್ಚಿಸಿದ ತಪ್ಪು ಭಾಳ ಕೆಟ್ಟದ್ದು” ಎಂದರು. ನಾನು ಆ ವಾಕ್ಯವನ್ನೂ ಸಂಜೆಯ ಚಹಾಕ್ಕೆ ಅವರ ದನಿಯಲ್ಲಿ ಹೇಳಿ ನಗಿಸಿದೆ.

ಡೆಮೊ ಮುಗಿದ ಮರುದಿನ ಸರ್ ಅರ್ಧ ದಿನ ರಜೆ. ತಂದೆಯ ತಿಥಿ, ಪಂಚವಟಿಗೆ ಹೋಗಿದ್ದರು. ಅವರ ಮೇಜಿನ ಫೋನ್ ರಿಂಗಣಿಸಿತು. ಹುಡುಗರೆಲ್ಲ ನನ್ನತ್ತ ನೋಡಿದರು. ನನ್ನಂಥವನಿಗೆ ಅಷ್ಟು ಸಾಕು. ಎತ್ತಿ, “ಹಾಂ...” ಎಂದೆ.

ಆ ಕಡೆ ದಾದಾ. ಸರ್, ತೇಪೆ ಹಾಗೇ ಇದೆ, ಎಲ್ಲ ಸರಿಯಾಗಿ ನಡೆಯುತ್ತಿದೆ, ಇದನ್ನೇ ಆಸ್ಪತ್ರೆಯ ಸರ್ವರ್ ಕಂಪ್ಯೂಟರಿಗೆ ಏರಿಸಲೇ ಎಂದು ಕೇಳಿದ. ಹುಡುಗರು ಬಾಯಿಗೆ ಕೈ ಹಿಡಿದು ನಗು ತಡೆಯುತ್ತಿದ್ದರು.

“ಬಘಾ... ಚಾಲೂ ಆಹೇ ನಾ? ಮಗ ರಾಹೂ ದ್ಯಾ,” ಎಂದೆ. ನಡೀತಿದೆಯಲ್ಲ, ಹಾಗಾದರೆ ಇರಲಿ ಬಿಡಿ.

“ಠೀಕ್ ಆಹೇ ಸರ್,” ಎಂದು ದಾದಾ ಇಟ್ಟ. ಆಮೇಲೆ ಫೋನ್ ಮಾಡಿ ತಮಾಷೆ ಎಂದು ಹೇಳಿದರಾಯಿತು ಅಂದುಕೊಂಡೆ. ಯಾರೋ ಬಿಸಿ ಸಮೋಸಾ ತಂದರು... ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅವನು ಕೇಳಿದ್ದೇನೆಂದು ನನಗೆ ಪೂರಾ ಅರ್ಥವೂ ಆಗಿರಲಿಲ್ಲ. ದನಿ ಸರಿಯಾಗಿ ಬಂತೇ ಎಂಬುದರ ಮೇಲೆಯೇ ನನ್ನ ಗಮನ.

ನಾಶಿಕದ ಆಸ್ಪತ್ರೆಯಲ್ಲಿ ಪ್ರೋಗ್ರಾಮು ರೋಗಿಯ ಫೈಲನ್ನು ಮೊದಲು ಓದುತ್ತಿತ್ತು. ರೋಗಿಗೆ ರಿಪೋರ್ಟ್ ಸಿಗುತ್ತಿತ್ತು, ಏನೂ ತೊಂದರೆ ಕಾಣಲಿಲ್ಲ. ಔರಂಗಾಬಾದಿನಲ್ಲಿ ಮೊದಲು ಓದುತ್ತಿದ್ದದ್ದು ರಿಪೋರ್ಟಿನ ಫೈಲು. ಅಲ್ಲಿ ರೋಗಿಯ ಫೈಲು ರಿಪೋರ್ಟನ್ನು ಕರೆದು, ಸಿಗದೆ, ‘ಇಲ್ಲ’ ಎಂದುಕೊಂಡು ಸುಮ್ಮನೆ ಮುಂದೆ ಹೋಗಿತ್ತು. ಡಾಕ್ಟರರ ಪರದೆಯಲ್ಲಿ ಎಲ್ಲ ರೋಗಿಗಳ ಹೆಸರಿನ ಕೆಳಗೂ ಒಂದೇ ಮಾತು: ರಿಪೋರ್ಟ್ ಇಲ್ಲ. ಹೊಸ ವ್ಯವಸ್ಥೆ, ಲ್ಯಾಬಿನವರು ಇನ್ನೂ ತುಂಬಿಸಿಲ್ಲ ಎಂದು ಡಾಕ್ಟರರು ತಿಳಿದರು. ತುಂಬಿಸಿದ್ದೇವೆ, ಡಾಕ್ಟರರು ನೋಡಿರುತ್ತಾರೆ ಎಂದು ಲ್ಯಾಬಿನವರು ತಿಳಿದರು.

ಔರಂಗಾಬಾದಿನ ಆ ಶಾಖೆಗೆ, ನಾಶಿಕದ ದಾರಿಯಲ್ಲಿರುವ ವೈಜಾಪುರದಿಂದ ಒಬ್ಬ ಹೆಣ್ಣುಮಗಳು ಪರೀಕ್ಷೆಗೆ ರಕ್ತ ಕೊಡಲು ಬಂದಿದ್ದಳಂತೆ. ಪೊಟ್ಯಾಸಿಯಂ ಬಹಳ ಏರಿತ್ತು. ಆ ದಿನವೇ ಡಯಾಲಿಸಿಸ್ ಮಾಡಬೇಕಿತ್ತು. ಪರದೆ ನೋಡಿ, ನಾಳೆ ನಿಮ್ಮ ಪಾಳಿಗೇ ಬನ್ನಿ ಎಂದು ಕಳಿಸಿದರು. ಅವಳು ಬಸ್ ಹತ್ತಿ ಊರಿಗೆ ಹೋದಳು. ಮರುದಿನ ಬರಲಿಲ್ಲ. ಎದೆಬಡಿತ ನಿಂತುಹೋಗಿತ್ತು... ಅವಳ ಮಗನೇ ಫೋನ್ ಮಾಡಿ, ಪಾಳಿಯನ್ನು ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿದನಂತೆ.

ಮಾಲೀಕರು ಬಾಗಿಲು ಹಾಕಿಕೊಂಡು ಸಭೆ ಕರೆದರು. ‘ನಾವೆಲ್ಲ ಒಂದೇ ಕುಟುಂಬ’ ಎನ್ನುವುದು ಅವರ ಮಾಮೂಲಿ ಮಾತು. ಅಂದು ಅದನ್ನು ಹೇಳಲಿಲ್ಲ. ಸರ್, ನಾನು, ಮೇಜಿನ ಮೇಲೆ ಸ್ಪೀಕರಿನಲ್ಲಿ ದಾದಾ. ಲ್ಯಾಬಿನವರು ಫೋನ್ ಮಾಡಬಹುದಿತ್ತು, ಡಾಕ್ಟರರು ವಿಚಾರಿಸಬಹುದಿತ್ತು ಎಂಬುದೆಲ್ಲ ಆಸ್ಪತ್ರೆಯವರ ನಡುವಿನ ಮಾತು. ನಮ್ಮ ಕೋಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತೇಪೆಯನ್ನು ಏರಿಸಲು ಹೇಳಿದ್ದು ಯಾರು?

“ನಾನು ಕೇಳಿದ್ದೆ. ಸರ್ ಇರಲಿ ಅಂದರು,” ಎಂದ ದಾದಾ. ಸುಳ್ಳೇನಲ್ಲ. ಅವನಿಗೆ ಕೇಳಿಸಿದ್ದು ಅದೇ.

ಸರ್ ತಲೆಯೆತ್ತಿದರು. ಫೋನನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಓದುವುದು ಅವರಿಗೆ ಕಷ್ಟವಾಗಲಿಲ್ಲ. ನಾನು ಬಾಯಿ ತೆರೆದೆ. ಅಷ್ಟು ದನಿಗಳು ಗೊತ್ತಿದ್ದ ಗಂಟಲಿನಿಂದ ಒಂದೂ ಹೊರಡಲಿಲ್ಲ.

“ಹಾಂ... ನಾನಽ ಅಂದಿದ್ದೆ,” ಎಂದರು ಸರ್.

ಅವರ ಕೆಲಸ ಹೋಯಿತು. ನನ್ನದು ಉಳಿಯಿತು. ಎರಡೂ ಫೈಲುಗಳನ್ನು ಸರ್ ಹೇಳಿದ್ದಂತೆ ತಿದ್ದುವ ಕೆಲಸವೂ ನನಗೇ ಬಂತು. ಹೆಸರು ಬರೆದಿಟ್ಟೆ, ಮೂರನೇ ಫೈಲು ಮಾಡಿದೆ, ಊಟದ ಹೊತ್ತಿಗೆ ಮುಗಿದಿತ್ತು. ಅಷ್ಟು ಚಿಕ್ಕ ಕೆಲಸ! ಸರ್ ಆಗ ತಮ್ಮ ಮೇಜು ಖಾಲಿ ಮಾಡುತ್ತಿದ್ದರು. ಹೋಗುವಾಗ ನನ್ನ ಪಕ್ಕ ನಿಂತು ಪರದೆಯನ್ನು ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು.

“ಇನ್ನ ಮ್ಯಾಲ ಫೋನ್ ಬಂದ್ರ ನಿಮ್ಮ ದನಿಯೊಳಗಽ ಮಾತಾಡ್ರಿ.”

ಅಷ್ಟೇ. ಆಗಲೂ ‘ರಿ’ ಬಿಡಲಿಲ್ಲ.

ಸರ್ ಹೆಂಡತಿಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು; ಅವರ ಸ್ಕೂಲಿನ ನೌಕರಿ ಔರಂಗಾಬಾದಿಗೆ ವರ್ಗವಾಗಿತ್ತು. ಸರ್ ಅಲ್ಲಿಗೇ ಹೋದರು, ಒಂದು ಟ್ಯುಟೋರಿಯಲ್ಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಾರೆಂದು ಕೇಳಿದೆ. ಹೋಗಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಅವರು ಹೃದಯಾಘಾತದಿಂದ ಹೋದರೆಂಬ ಸುದ್ದಿ ಹಳೆಯ ಸಹೋದ್ಯೋಗಿಗಳ ಗುಂಪಿನಲ್ಲಿ ಬಂತು. ಎಲ್ಲರೂ ಹಾಕಿದಂತೆ ನಾನೂ ಕೈಮುಗಿದ ಚಿತ್ರ ಒತ್ತಿದೆ. ಅದೂ ಒಂದು ಅಣಕವೇ.

ಹೊಸ ಹುಡುಗಿಯ ಪರದೆ ನೋಡಿದ ವಾರದ ಕೊನೆಗೆ ವೈನಿಯ ಊರಿಗೆ ಬಸ್ ಹತ್ತಿದೆ. ದಾರಿಯಲ್ಲಿ, ಯಾರಿಗೂ ಕೇಳದಂತೆ, ಕಿಟಕಿಯ ಕಡೆ ಮುಖ ಮಾಡಿ ‘ಹಾಂ... ನೋಡ್ರಿ’ ಎಂದು ಹೇಳಿ ನೋಡಿದೆ. ಬರಲಿಲ್ಲ. ಮತ್ತೆ ಮತ್ತೆ ಹೇಳಿದೆ. ಮೂಗೂ ನನ್ನದೇ, ಗಂಟಲೂ ನನ್ನದೇ. ಸರ್ ಸತ್ತಿದ್ದಾರೆಂದು ನನಗೆ ಖಾತ್ರಿಯಾದದ್ದು ಆಗ. ವೈಜಾಪುರದಲ್ಲಿ ಬಸ್ಸು ನಿಂತಿತು. ಜನ ಚಹಾಕ್ಕೆ ಇಳಿದರು. ನಾನು ಇಳಿಯಲಿಲ್ಲ.

ವೈನಿ ಬಾಗಿಲು ತೆರೆದು, ಗುರುತು ಹಿಡಿದು, “ಬಾ” ಎಂದರು. ನಾಶಿಕದಲ್ಲಿ ಅವರ ಕೈಯ ರೊಟ್ಟಿ, ಶೇಂಗಾ ಹಿಂಡಿ ತಿಂದವನು ನಾನು. ಚಹಾ ತಂದಿಟ್ಟರು. ಲೋಟ ಮುಟ್ಟದೆಯೇ ಎಲ್ಲವನ್ನೂ ಹೇಳಿದೆ. ಫೋನು, ನಗು, ‘ರಾಹೂ ದ್ಯಾ’, ಸಭೆ. ಮುಗಿದ ಮೇಲೆ ವೈನಿ ಕೇಳಿದರು:

“ಆ ಹೆಣ್ಮಗಳ ಮನಿಗೆ ಹೋಗಿದ್ದೇನು?”

“ಇಲ್ರಿ ವೈನಿ.”

“ಇವರು ಹೋಗಿದ್ರು. ಆಕಿ ಮಗ ಒಳಗ ಕರೀಲಿಲ್ಲಂತ. ಹೊರಗಽ ನಿಂತು, ತಪ್ಪಾತು ಅಂತ ಹೇಳಿ ಬಂದ್ರು.”

ಗೋಡೆಯ ಮೇಲೆ ಸರ್ ಫೋಟೊ ಹುಡುಕಿದೆ, ಹಾಕಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ವೈನಿ, ನನಗ ಏನಾರೆ ಬೈರಿ. ಒಂದು ಮಾತರೆ ಬೈರಿ.”

ಅವರು ನನ್ನ ಮುಂದಿನ ಲೋಟವನ್ನು ಎತ್ತಿಕೊಂಡರು.

“ಬೈಸಿಕೊಂಡು ಹಗುರಾಗಾಕ ಬಂದೀಯೇನು? ಏಳು. ವೈಜಾಪುರಕ್ಕ ಬಸ್ ಇನ್ನೂ ಅದಾವು.”